ನಾಲ್ಕು ಚುಕ್ಕಿ

ಹದಿನಾಲ್ಕನೆಯ ತಾರೀಕು, ಮಂಗಳವಾರ
ಅಡುಗೆಮನೆ ಕಟ್ಟೆಯ ಮೇಲಿಂದ

ನನ್ನ ಬಂಗಾರದಂಥ ಅಮ್ಮಾ,

ಕವರಿನ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ! ಮದುವೆಯಾಗಿ ಐದು ತಿಂಗಳಿಗೆ ಮಗಳು ಮೊದಲ ಸಲ ಕಾಗದ ಬರೆದಿದ್ದಾಳೆ, ಅಷ್ಟೇ. ಫೋನಿನಲ್ಲಿ ನೀನು "ಹೇಗಿದೀಯೇ" ಅಂದ ಕೂಡಲೇ ನನ್ನ ಬಾಯಿ ತಾನಾಗಿಯೇ "ಸೂಪರ್" ಅಂದುಬಿಡುತ್ತದೆ. ಪೆನ್ನು ಹಿಡಿದರೆ ಅಷ್ಟು ಬೇಗ ಬರುವುದಿಲ್ಲ. ಇಂಗ್ಲಿಷ್ ಮೀಡಿಯಂ ಹುಡುಗಿಯ ಒತ್ತಕ್ಷರಗಳು ಅಲ್ಲಲ್ಲಿ ಮುಗ್ಗರಿಸಿದರೆ ನಗಬೇಡ. ಹೊಲಿಗೆ ಮಿಷನ್ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿಸಿದವಳು ನೀನೇ.

ನಾನು ಚೆನ್ನಾಗಿದ್ದೇನೆ. ತುಂಬಾ ತುಂಬಾ ಚೆನ್ನಾಗಿದ್ದೇನೆ! ಫ್ಲ್ಯಾಟು ಎಷ್ಟು ಮುದ್ದಾಗಿದೆ ಗೊತ್ತಾ? ಸೋಫಾದ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ಕೂತರೆ ಚರಪರ ಅನ್ನುತ್ತದೆ. ಒಬ್ಬಳೇ ಇದ್ದಾಗ ಆ ಸದ್ದೂ ಒಂದು ಜೊತೆ. ಇವರು ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ಈಗಂತೂ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ. ಹಗಲಿಡೀ ಬಾಗಿಲ ಬೆಲ್ಲು ಹೊಡೆಯುವವನು ಕೊರಿಯರಿನವನೊಬ್ಬನೇ, ಅವನೂ ಹಳೇ ಬಾಡಿಗೆಯವರನ್ನು ಕೇಳಿಕೊಂಡು ಬರುತ್ತಾನೆ. "ಅವರಿಲ್ಲ" ಅಂದರೆ ಹೊರಟುಹೋಗುತ್ತಾನಲ್ಲ ಎಂದು ಮೊನ್ನೆ "ಯಾವಾಗ ಬರ್ತಾರೋ ನೋಡ್ತೀನಿ, ನೀರು ಬೇಕಾ" ಅಂದೆ. ನಗಬೇಡ ಅಂದೆನಲ್ಲ!

ಆದರೆ ಕಿಟಕಿ ಇದೆಯಮ್ಮಾ. ಎದುರಿಗೇ ಕಾಡು. ಊರ ನಡುವೆ ನಲವತ್ತು ಎಕರೆ ಕಾಡು, ಸುತ್ತ ಬಸ್ಸು, ಬ್ಯಾಂಕು, ಟ್ರಾಫಿಕ್ಕು. ಯಾರೋ ಹೊಲಿಯುವಾಗ ಒಂದು ತುಂಡು ಬಟ್ಟೆ ಮರೆತುಬಿಟ್ಟು ಹೋದ ಹಾಗೆ. ನಾನು ಬಂದ ಹೊಸದರಲ್ಲಿ ಇವರು ತೋರಿಸಿ, "ನೋಡು, ಅದೇ ಈಗ ನನ್ನ ಆಫೀಸು" ಅಂದಿದ್ದರು. ಇವರ ಸರ್ವೆ ಕಂಪನಿಗೆ ಆ ಕಾಡಿನ ಮರ ಎಣಿಸುವ ಕೆಲಸ ಸಿಕ್ಕಿತ್ತು. "ಮರಗಳ ಜನಗಣತಿ" ಅಂದರು. ಅಯ್ಯೋ, ಎಂಥ ಚೆಂದದ ಕೆಲಸ ಮಾಡುವ ಗಂಡ ಎಂದು ನಾನು ಉಬ್ಬಿಹೋದೆ.

ಸಹಾಯಕ ಕೈಕೊಟ್ಟಿದ್ದ. ಇವರ ಕೈಬರಹವೋ, ಕೋಳಿ ಕೆದರಿದ ಹಾಗೆ. "ನಾನು ಬರಲಾ?" ಅಂದೆ. ಆರು ಭಾನುವಾರ ಹೋದೆವು. ಅದೇ ನಮ್ಮ ಹನಿಮೂನ್ ಎಂದು ನಿನಗೆ ಫೋನಿನಲ್ಲಿ ಹೇಳಿದ್ದು ನೆನಪಿದೆಯಾ? ಇವರು ಮರಕ್ಕೆ ಎದೆಯೆತ್ತರದಲ್ಲಿ ಟೇಪು ಸುತ್ತಿ ಇಂಚು ಕೂಗುವುದು, ನಾನು ರಿಜಿಸ್ಟರಿನಲ್ಲಿ ಬರೆಯುವುದು. ಥೇಟ್ ನಮ್ಮ ಅಂಗಡಿ! ನೀನು ಗಿರಾಕಿಗಳ ಎದೆ, ಸೊಂಟ, ತೋಳು ಕೂಗುತ್ತಿದ್ದೆ, ನಾನು ಸ್ಕೂಲ್ ಯೂನಿಫಾರ್ಮಿನಲ್ಲೇ ಕೂತು ಬರೆಯುತ್ತಿದ್ದೆ. ಎರಡು ಸಾವಿರದ ನೂರು ಸಾಲು ಬರೆದೆನಮ್ಮಾ. ಬಿಸಿಲಿಗೆ ಇವರು ತಮ್ಮ ಟೋಪಿ ನನ್ನ ತಲೆಗಿಟ್ಟರು. ಮರದ ಆಚೆ ಬದಿಯಿಂದ ಟೇಪಿನ ಜೊತೆ ಕೈಯೂ ಬಂದು ನನ್ನ ಕೈ ಹಿಡಿಯುತ್ತಿತ್ತು. ಅಷ್ಟು ಸುಖವಾಗಿ ನಾನು ಎಂದೂ ಲೆಕ್ಕ ಬರೆದಿಲ್ಲ.

ಇಲ್ಲಿಂದ ಮುಂದೆ ಬರೆಯುವ ಮೊದಲು ಎದ್ದು ಹೋಗಿ ಎರಡು ಲೋಟ ತೊಳೆದು ಬಂದೆ. ತೊಳೆದಿದ್ದವೇ.

ಟೇಪಿನ ವಿಷಯ ಹೇಳಬೇಕು. ಅದರ ತುದಿಗೆ ಒಂದು ಚರ್ಮದ ಪಟ್ಟಿ ಹೊಲಿದಿತ್ತು, ಪಟ್ಟಿಗೊಂದು ಉಂಗುರ. ಉಂಗುರ ಹಿಡಿದು ಸುತ್ತಿದರೆ ಜಾರುವುದಿಲ್ಲವಂತೆ. ಟೈಲರ್ ಮಗಳಲ್ಲವಾ, ನನ್ನ ಕಣ್ಣು ಮೊದಲು ಹೋದದ್ದೇ ಹೊಲಿಗೆಗೆ. ಪಟ್ಟಿ ಸರಿಯಾಗಿ ನಾಲ್ಕು ಇಂಚು. ಅದರಾಚೆಗೆ ಸೊನ್ನೆ ಶುರು. "ರೀ, ಈ ಪಟ್ಟಿಯನ್ನೂ ಸೇರಿಸಿ ಸುತ್ತಿದ್ರೆ ನಾಲ್ಕಿಂಚು ಕಮ್ಮಿ ಬರುತ್ತಲ್ವಾ? ನಮ್ಮಮ್ಮ ಆಗಿದ್ರೆ ಗಿರಾಕಿಗೆ ಅಂಗಿ ತಲೇಲೇ ಸಿಕ್ಕಾಕೊಂಡಿರೋದು" ಅಂದೆ. ಇವರು ನಕ್ಕು ನನ್ನ ಮೂಗು ಹಿಂಡಿದರು. "ಅದನ್ನ ಆಫೀಸಲ್ಲಿ ಕೂಡಿಸ್ಕೋತಾರೆ ಮೇಡಂ. ನೀವು ಹೇಳಿದಷ್ಟು ಬರೀರಿ."

ನಂಬಿದೆ. ಯಾಕೆ ನಂಬಬಾರದು? ನಮ್ಮಲ್ಲೂ ಹಾಗೇ ಅಲ್ಲವಾ? ಮುಂದಿನ ಕೋಣೆಯ ತುಂಬ ಕಾಯುವ ಹೆಂಗಸರಿದ್ದಾಗ, ದಪ್ಪಗಿರುವವರಿಗೆ ನಾಚಿಕೆಯಾಗಬಾರದೆಂದು ನೀನು "ಸೊಂಟ ಮೂವತ್ನಾಕು" ಎಂದು ಗಟ್ಟಿಯಾಗಿ ಕೂಗಿ, ನನ್ನ ಭುಜಕ್ಕೆ ಬೆರಳಿನಿಂದ ಮೆಲ್ಲಗೆ ಮೂರು ಸಲ ತಟ್ಟುತ್ತಿದ್ದೆ. ನಾನು ಮೂವತ್ತನಾಲ್ಕರ ಮುಂದೆ ಮೂರು ಚುಕ್ಕಿ ಇಡುತ್ತಿದ್ದೆ. ಒಂದು ಚುಕ್ಕಿಗೆ ಒಂದು ಇಂಚು. ಕತ್ತರಿ ಹಿಡಿಯುವಾಗ ನೀನು ಕೂಡಿಸಿಕೊಳ್ಳುತ್ತಿದ್ದೆ. ಊರಿಗೆಲ್ಲ ಸೊಂಟ ಸಣ್ಣ, ಬಟ್ಟೆ ಮಾತ್ರ ಸರಿಯಾದ ಅಳತೆ!

ಅದೇ ಅಭ್ಯಾಸ. ಕಾಡಿನ ರಿಜಿಸ್ಟರಿನಲ್ಲೂ ಪ್ರತಿ ಅಳತೆಯ ಮುಂದೆ ನಾಲ್ಕು ಚುಕ್ಕಿ ಇಡುತ್ತ ಹೋದೆ. ಇವರು ನೋಡಿ, "ಇದೇನು ರಂಗೋಲಿ?" ಅಂದರು. "ಶೋಕಿಗೆ" ಅಂದೆ. ಆಫೀಸಿನಲ್ಲಿ ಕೂಡಿಸುವವರಿಗೆ ಸುಲಭವಾಗಲಿ, ಆಮೇಲೆ ಹೇಳಿ ಹೊಗಳಿಸಿಕೊಳ್ಳೋಣ ಅಂತಿದ್ದೆ.

ಕೆಲಸ ಮುಗಿದ ಮೇಲೆ ಭಾನುವಾರಗಳೂ ಖಾಲಿಯಾದವು. ನಾನೊಬ್ಬಳೇ ಬೆಳಿಗ್ಗೆ ಕಾಡಿನ ದಾರಿಯಲ್ಲಿ ವಾಕಿಂಗ್ ಶುರು ಮಾಡಿದೆ. ಅಲ್ಲೇ ಸಿಕ್ಕರು ಲೆಕ್ಕದ ಮೇಡಂ. ಮೂವತ್ತೆರಡು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು, ಮರದ ಕೆಳಗೆ ನಿಂತರೂ ಕ್ಲಾಸಿನಲ್ಲಿ ನಿಂತ ಹಾಗೆ. ಇನ್ನೊಬ್ಬರು ಇಸ್ತ್ರಿಯಣ್ಣ. ಕಾಡಿನ ಗೇಟಿನ ಹೊರಗೆ ಒಂದು ಮರದ ನೆರಳಲ್ಲಿ ಹತ್ತು ವರ್ಷದಿಂದ ಇಸ್ತ್ರಿ ಗಾಡಿ ಇಟ್ಟಿದ್ದಾರೆ. ಮೇಡಂ ದಿನಾ ನಮ್ಮ ಗೇಟಿನ ಮುಂದೆ ನಿಂತು "ಏ ನಾಲ್ಕನೇ ಮಹಡೀ, ಇಳಿದು ಬಾ!" ಎಂದು ಕೂಗುತ್ತಿದ್ದರು. ಅಮ್ಮಾ, ಒಂದು ಊರಿನಲ್ಲಿ ನಮ್ಮನ್ನು ಕೂಗುವವರು ಒಬ್ಬರಿದ್ದರೆ ಸಾಕು, ಅದು ನಮ್ಮ ಊರಾಗುತ್ತದೆ.

ಒಂದು ದಿನ ಗೇಟಿಗೆ ನೋಟಿಸು ಅಂಟಿಸಿದರು. ಮಾಲ್ ಬರುತ್ತದಂತೆ, ಅದರೊಳಗೆ ಏಳು ಸಿನಿಮಾ ಹಾಲು, ಕೆಳಗೆ ಮೂರಂತಸ್ತು ಪಾರ್ಕಿಂಗ್. ನಮ್ಮ ಕಾಡಿಗೆ ಅದರಲ್ಲಿ ಇಟ್ಟ ಹೆಸರು "ಪೊದೆ ಬೆಳೆದ ಖಾಲಿ ಜಾಗ". ಸುತ್ತಲೂ ತಗಡು ಹೊಡೆದು ಒಳಗೆ ಬಿಡುವುದನ್ನೇ ನಿಲ್ಲಿಸಿದರು. ಜನ ಸೇರಿದರು. ನಾನೂ ಸೇರಿದೆ! ನನ್ನ ಅಕ್ಷರ ಚೆಂದವೆಂದು ಬೋರ್ಡುಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸಿದರು. ಗಂಡ ಏನು ಮಾಡುತ್ತಾರೆ ಎಂದು ಕೇಳಿದರೆ "ಕಂಪನಿ ಕೆಲಸ" ಅನ್ನುತ್ತಿದ್ದೆ. ಸರ್ಪ್ರೈಸ್ ಮಾಡೋಣ ಅಂತ! ಎಣಿಕೆ ಹೊರಗೆ ಬಂದು, ಇಷ್ಟೊಂದು ಮರ ಕಡಿಯಲು ಸಾಧ್ಯವೇ ಇಲ್ಲ ಎಂದಾದ ದಿನ, "ಎಣಿಸಿದವರು ನನ್ನ ಮನೆಯವರೇ" ಎಂದು ಹೇಳಬೇಕೆಂದು ಕಾದಿದ್ದೆ. ಎಂಥ ಪೆದ್ದು ಮಗಳನ್ನು ಹೆತ್ತೆಯಮ್ಮಾ.

ಹೋದ ಮಂಗಳವಾರ ಅಹವಾಲು ಸಭೆ ಇತ್ತು. ರಿಜಿಸ್ಟರಿನ ಜೆರಾಕ್ಸ್ ಎಲ್ಲರಿಗೂ ಹಂಚಿದರು. ನನ್ನ ಕೈಗೆ ನನ್ನದೇ ಅಕ್ಷರ ಬಂತು. ಒಂದರಂತೆ ಕಾಣಬಾರದೆಂದು ನೀನು ಏಳರ ಸೊಂಟಕ್ಕೆ ಗೆರೆ ಎಳೆಯಲು ಕಲಿಸಿದ್ದೆಯಲ್ಲ, ಅದೇ ಏಳುಗಳು ಸಾಲು ಸಾಲಾಗಿ. ಇಪ್ಪತ್ತು ಇಂಚಿಗಿಂತ ಕಡಿಮೆ ಇದ್ದದ್ದು ನಿಯಮದ ಪ್ರಕಾರ ಮರವಲ್ಲ, ಗಿಡ. ಗಿಡ ಕಡಿಯಲು ಯಾರ ಒಪ್ಪಿಗೆಯೂ ಬೇಡ. ಎರಡು ಸಾವಿರದ ನೂರರಲ್ಲಿ ಮರ ಎಂದು ಉಳಿದದ್ದು ಮುನ್ನೂರ ಎಂಬತ್ತಾರು. ಹದಿನಾರು, ಹದಿನೇಳು, ಹದಿನೆಂಟು, ಹತ್ತೊಂಬತ್ತು... ಎಲ್ಲಕ್ಕೂ ನಾಲ್ಕು ಚುಕ್ಕಿ. ನಮ್ಮ ಅಂಗಡಿಯಲ್ಲಿ ಕತ್ತರಿ ಹಿಡಿದವಳು ಕೂಡಿಸಿಕೊಳ್ಳುತ್ತಿದ್ದಳು. ಇಲ್ಲಿ ಯಾರೂ ಕೂಡಿಸಲಿಲ್ಲ.

ಇಸ್ತ್ರಿಯಣ್ಣ ಎದ್ದು ನಿಂತು, "ಸ್ವಾಮಿ, ನನ್ನ ಮರಾನೂ ಗಿಡ ಅಂತ ಬರ್ದಿದೀರಲ್ಲ, ಹತ್ತು ವರ್ಷ ನಾನೇನು ತುಳಸಿ ಗಿಡದ ಕೆಳಗೆ ಇಸ್ತ್ರಿ ಮಾಡಿದ್ನಾ?" ಅಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಅದೊಂದೇ ಮರ ತಗಡಿನ ಹೊರಗಿರುವುದು. ಮೇಡಂ ತಾವೇ ಅಳೆದಿದ್ದರು, ಇಪ್ಪತ್ತೆರಡು ಇಂಚು, ರಿಜಿಸ್ಟರಿನಲ್ಲಿ ಹದಿನೆಂಟು. ಅಧಿಕಾರಿ ಕನ್ನಡಕ ತೆಗೆದು, "ಅಳೆದ್ಮೇಲೆ ಬೆಳೆದಿರಬಹುದು" ಅಂದರು. "ಮೂರು ತಿಂಗಳಿಗೆ ನಾಲ್ಕಿಂಚಾ? ನಮ್ಮ ಮನೆ ಮಕ್ಕಳೂ ಹೀಗೆ ಬೆಳೆದ್ರೆ ಚೆನ್ನಾಗಿತ್ತು" ಎಂದರು ಮೇಡಂ. ಆದರೂ ಅಧಿಕಾರಿ ಜಗ್ಗಲಿಲ್ಲ. ಒಂದು ಮರದ ಮಾತು ಕೇಳಿ ಎರಡು ಸಾವಿರ ಮರ ಮತ್ತೆ ಅಳೆಸಲು ಆಗುವುದಿಲ್ಲವಂತೆ. ರಿಜಿಸ್ಟರೇ ತಪ್ಪು ಎನ್ನುವುದಕ್ಕೆ ದಾಖಲೆ ತರಬೇಕಂತೆ. ಇಪ್ಪತ್ತೆಂಟಕ್ಕೆ ಕೊನೆಯ ಸಭೆ. ಅಲ್ಲಿ ಏನೂ ತೋರಿಸದಿದ್ದರೆ ಮರುದಿನದಿಂದಲೇ ಕಡಿಯುತ್ತಾರೆ.

ಹಿಂದಿನ ಸಾಲಿನವರು ಯಾರೋ, "ಈ ಚುಕ್ಕಿ ಏನು, ಮಿಷನ್ ಕೊಳೆಯಾ?" ಎಂದು ಕೇಳಿದರು. ನಾನು ನನ್ನ ಹಾಳೆಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡೆ. ಮೇಡಂ ಬೆರಳು ಒಂದು ಏಳರ ಮೇಲೆ ನಿಂತಿತು. ಗೋಡೆಗೆ ಒರಗಿಸಿದ್ದ, ನಾನೇ ಬರೆದ ಬೋರ್ಡಿನ ಕಡೆ ನೋಡಿದರು. ಅದರಲ್ಲೂ ಏಳು ಇತ್ತು, ಏಳು ಸಿನಿಮಾ ಹಾಲು. ಆಮೇಲೆ ಹಾಳೆಯನ್ನು ಸದ್ದಿಲ್ಲದೆ ಮಡಚಿದರು. ಅವತ್ತಿನಿಂದ ನಮ್ಮ ಗೇಟಿನ ಮುಂದೆ ಯಾರೂ ಕೂಗುವುದಿಲ್ಲ.

ಸಂಜೆ ಇವರನ್ನು ಕೇಳಿದೆ. ಮೊದಲು ನಕ್ಕರು. ಆಮೇಲೆ, "ನಿನ್ನನ್ನ ಯಾರು ಅಲ್ಲಿಗೆ ಹೋಗು ಅಂದಿದ್ದು?" ಅಂದರು. ನಾನು ಚುಕ್ಕಿಯ ಅರ್ಥ ಹೇಳಿದೆ. ಇವರ ಮುಖ ಬಿಳಿಚಿಕೊಂಡಿತು. "ಪಟ್ಟಿ ಹೊಲಿಸಿ ಕೊಟ್ಟಿದ್ದು ಕಂಪನಿ. ನಾನು ಸುತ್ತಿದೆ, ಅಷ್ಟೆ. ಅಕ್ಷರ ಮಾತ್ರ ನಿಂದು. ಬಾಯಿ ಬಿಟ್ರೆ ಮೊದ್ಲು ಸಿಕ್ಕಿಬೀಳೋದು ನೀನೇ" ಅಂದರು. ಆಮೇಲೆ ಬೇರೆಯೇ ದನಿಯಲ್ಲಿ, "ಸುಮ್ನಿದ್ಬಿಡೇ. ನಮ್ಮದಿನ್ನೂ ಶುರು" ಅಂದರು. ಆ ಎರಡನೇ ಮಾತಿಗೆ ನನಗೆ ಅಳು ಬಂತು. ಕೆಟ್ಟವರಲ್ಲಮ್ಮಾ ಇವರು. ಹೆದರಿದ್ದಾರೆ. ಸ್ವಲ್ಪ ಬೇಜಾರಾಗಿದೆ, ಅಷ್ಟೇ. ಮರುದಿನ ಕೆಲಸದ ಮೇಲೆ ಹೊರಟರು. ಬಂದ ಮೇಲೆ ಎಲ್ಲ ಸರಿಹೋಗುತ್ತದೆ.

ಈಗ ನಿನ್ನಿಂದ ಒಂದು ಆಗಬೇಕು. ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯಲ್ಲಿ ನಮ್ಮ ಹಳೇ ಅಳತೆ ಪುಸ್ತಕಗಳಿವೆ. ನಾನು ಏಳನೇ ಕ್ಲಾಸಿನಿಂದ ಬರೆದವು. ಚುಕ್ಕಿ ಇಡುವುದು ನಮ್ಮ ಮನೆಯ ರೂಢಿ, ನಿನ್ನೆ ಮೊನ್ನೆ ಕಟ್ಟಿದ ಕಥೆಯಲ್ಲ ಎಂದು ಅವು ಹೇಳುತ್ತವೆ. ಒಂದೆರಡನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸು. ಇಪ್ಪತ್ತೆಂಟಕ್ಕೆ ನಾನು ಎದ್ದು ನಿಂತು, ಬರೆದವಳು ನಾನೇ ಎನ್ನುತ್ತೇನೆ. ಆಮೇಲೆ ಈ ಮನೆಗೆ ಯಾವ ಮುಖ ಹೊತ್ತು ಹಿಂತಿರುಗಬೇಕೋ ಅದು ಗೊತ್ತಿಲ್ಲ. ಆದರೆ ನಿನ್ನ ಅಂಗಡಿಯಲ್ಲಿ ಒಬ್ಬರ ಬಟ್ಟೆಯೂ ನನ್ನ ಅಕ್ಷರದಿಂದ ಕೆಟ್ಟಿಲ್ಲ. ಇಲ್ಲಿ ಒಂದು ಕಾಡು ಕೆಡುತ್ತಿದೆ.

ನೀನು ಬರುವ ತೊಂದರೆ ತೆಗೆದುಕೊಳ್ಳಬೇಡ. ಮೊಣಕಾಲು ನೋವು, ಎರಡು ಬಸ್ಸು ಬದಲಿಸಬೇಕು. ನಾನು ಚೆನ್ನಾಗಿಯೇ ಇದ್ದೇನೆ, ಪ್ರಾಮಿಸ್!

ನಿನ್ನಿಂದ ಭುಜ ತಟ್ಟಿಸಿಕೊಂಡು ಬೆಳೆದ,
ನಿನ್ನ ಮುದ್ದಿನ ಗುಂಡಿ ಡಬ್ಬಿ

ತಾ.ಕ.: ಇವರು ಬೇರೆ ಊರಿಗೆ ಹೋಗಿದ್ದಾರೆ ಎಂದು ಬರೆದದ್ದು ಸುಳ್ಳು. ಪೆನ್ನಿಗೂ ಸುಳ್ಳು ಬರುತ್ತದೆ, ನೋಡು. ಕೆಲಸಕ್ಕೆ ಹೋಗಿ ಬರುತ್ತಾರೆ, ಬಂದು ಪಕ್ಕದ ರೂಮಿನಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ಈಗಲೂ ಅಲ್ಲೇ ಇದ್ದಾರೆ, ಕುರ್ಚಿ ಎಳೆದ ಸದ್ದು ಕೇಳಿತು. ನಾನು ಬಡಿಸಿಟ್ಟ ತಟ್ಟೆ ಹಾಗೇ ಇರುತ್ತದೆ. ಮಾತಾಡಿ ಮೂರು ದಿನವಾಯಿತು. ಪುಸ್ತಕವನ್ನು ಪೋಸ್ಟಿಗೆ ಹಾಕಬೇಡಮ್ಮಾ, ನೀನೇ ತೆಗೆದುಕೊಂಡು ಬಾ. ಮೂರು ದಿನ ಎಂದೆನಲ್ಲ, ಅದರ ಮುಂದೆ ನಾಲ್ಕು ಚುಕ್ಕಿ ಇದೆ ಎಂದು ಓದಿಕೋ.