ಮುಂದಕ್ಕೆ ಹೋಗುವವರ ಗಡ್ಡ

ಫೆಬ್ರವರಿ ೯, ಬೆಳಿಗ್ಗೆ

ಇವತ್ತೂ ಸಾಲು. ಡಬ್ಬಿಯಲ್ಲಿ ನೀರು ಬಿಸಿಯಾಗುವಷ್ಟರಲ್ಲೇ ಗೋದಾಮಿನ ಗೋಡೆಯುದ್ದಕ್ಕೂ ಕೂತುಬಿಟ್ಟಿದ್ದರು. ಸಂಜೆ ಮುಂದಿನ ಕಂದಕಕ್ಕೆ ಹೋಗುವವರು ಎಲ್ಲ. ಸೋಪು ಸವೆದಿದೆ, ಬ್ರಷ್ಷಿನ ಕೂದಲು ಉದುರುತ್ತಿದೆ, ಮಣಿಕಟ್ಟು ಸೆಳೆಯುತ್ತಿದೆ. ಒಬ್ಬನಿಗೆ ನಿನ್ನೆ ತಾನೇ ಬೋಳಿಸಿದ್ದೆ, ಗಡ್ಡವೇ ಇರಲಿಲ್ಲ. ಆದರೂ ಬಂದು ಕೂತ. “ಸುಮ್ನೆ ಒಂದ್ಸಲ ಕತ್ತಿ ಆಡಿಸಿಬಿಡಣ್ಣ. ನಿನ್ನ ಕೈಗುಣ ಒಳ್ಳೇದು.”

ಕೈಗುಣವಂತೆ. ಹೋದ ತಿಂಗಳು ನನ್ನಲ್ಲಿ ಕ್ಷೌರ ಮಾಡಿಸಿಕೊಂಡು ಸೇತುವೆಗೆ ಹೋದ ಗುಂಪು ಒಂದು ಗೀರೂ ಇಲ್ಲದೆ ವಾಪಸು ಬಂತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಅಂದಿನಿಂದ ಈ ಕಾಟ.

ಅಪ್ಪನದು ಕ್ಷೌರದ ಅಂಗಡಿ, ಅಜ್ಜನದೂ ಅದೇ. ನಾನು ಕತ್ತಿಯ ಸಹವಾಸ ಬೇಡವೆಂದು ಬಂದೂಕಿಗೆ ಓಡಿ ಬಂದವನು. ಸೈನ್ಯಕ್ಕೆ ಸೇರುವ ದಿನ ಗುಮಾಸ್ತ ಅಪ್ಪನ ಕಸುಬು ಕೇಳಿದ. ಹೇಳಿದೆ. ಅವನ ಮುಖ ಅರಳಿತು… ಅಲ್ಲಿಗೆ ಮುಗಿಯಿತು. ಆದರೆ ಸುಳ್ಳೇಕೆ, ಈ ಕತ್ತಿಯಿಂದಲೇ ಹಿಂದೆ ಉಳಿದಿದ್ದೇನೆ. ಸಾಲು ಇರುವವರೆಗೆ ನನ್ನನ್ನು ಯಾರೂ ಮುಂದಕ್ಕೆ ಕಳಿಸುವುದಿಲ್ಲ.

ಫೆಬ್ರವರಿ ೧೧

ಭಾವ ಬಂದಿದ್ದರು. ಅಕ್ಕನ ಗಂಡ. ಊರಲ್ಲಿ ಬಸ್ ಕಂಡಕ್ಟರ್, ಇಲ್ಲಿ ಪಕ್ಕದ ತುಕಡಿ. ಸಾಲಿನ ಪಕ್ಕ ನಿಂತು ಶುರು ಹಚ್ಚಿಕೊಂಡರು — “ಮುಂದೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಖಾಲಿ ಇದೆ.” ನಗುವುದನ್ನೇ ಮರೆತವರೂ ನಕ್ಕರು. ತಾವು ಮಾತ್ರ ಕೂರಲಿಲ್ಲ. “ನಾನು ಮನೆ ಮನುಷ್ಯ ಕಣೋ. ಮೊದಲು ಅವರದ್ದಾಗಲಿ.” ಅವರ ಮುಖವೋ, ಪೊದೆ.

ರೈಲು ಹತ್ತುವಾಗ ಅಕ್ಕ ನನ್ನ ತೋಳು ಬಿಗಿಯಾಗಿ ಹಿಡಿದು ಹೇಳಿದ್ದಳು: “ಅವರನ್ನ ನೋಡ್ಕೋ. ಮಾತಿಗೆ ಕೂತ್ರೆ ಮೈಮರೀತಾರೆ.” ನೋಡಿಕೊಳ್ಳುವುದು ಹೇಗೆಂದು ಹೇಳಲಿಲ್ಲ. ದಿನಕ್ಕೊಮ್ಮೆ ಕಣ್ಣಿಗೆ ಬಿದ್ದರೆ ಸಾಕು ಎಂದುಕೊಂಡಿದ್ದೇನೆ.

ಫೆಬ್ರವರಿ ೧೫

ನಿನ್ನೆ ಹೋದವರಲ್ಲಿ ಐದು ಜನ ಬರಲಿಲ್ಲ. ಐವರಿಗೂ ನಾನೇ ಕ್ಷೌರ ಮಾಡಿದ್ದು. ಆವತ್ತು ಗಡ್ಡವಿಲ್ಲದೆಯೂ ಬಂದು ಕೂತಿದ್ದನಲ್ಲ, ಅವನೂ.

ಬೆಳಿಗ್ಗೆ ನೀರು ಕಾಸಿದೆ. ಯಾರೂ ಬರಲಿಲ್ಲ. ನೀರು ಆರಿತು. ಮತ್ತೆ ಕಾಸಿದೆ.

ಫೆಬ್ರವರಿ ೧೬

ಎಲ್ಲರೂ ತಮ್ಮ ಗಡ್ಡ ತಾವೇ ಹೆರೆದುಕೊಳ್ಳುತ್ತಿದ್ದಾರೆ. ಅಡುಗೆಯವನ ಕೆನ್ನೆ ಬೆಕ್ಕು ಪರಚಿದ ಹಾಗಿದೆ. ನಗು ಬಂತು. ನನ್ನನ್ನು ಕಂಡು ಅವನು ಮುಖ ತಿರುಗಿಸಿದ. ನಗು ನಿಂತಿತು.

ಅಪ್ಪ ಹೇಳುತ್ತಿದ್ದ — “ಗಂಟಲ ಮೇಲೆ ಕತ್ತಿ ಇಡೋ ಕೆಲಸ ನಮ್ದು. ಜನ ನಂಬೋವರೆಗೆ ಕಸುಬು. ನಂಬಿಕೆ ಹೋಯ್ತೋ, ಬಾಗಿಲು ಹಾಕ್ಕೊಂಡು ಮಲಗು.”

ಮಲಗಿದೆ. ಎಷ್ಟೋ ದಿನದ ಮೇಲೆ ಹಗಲು ನಿದ್ದೆ. ಚೆನ್ನಾಗಿಯೇ ಬಂತು, ನಾಚಿಕೆಗೆಟ್ಟ ನಿದ್ದೆ.

ಫೆಬ್ರವರಿ ೧೮, ಮಧ್ಯಾಹ್ನ

ಕ್ಯಾಪ್ಟನ್ ಸಾಹೇಬರು ಕರೆಸಿದರು. ಬೈಯಲಿಲ್ಲ. ಅವರಿಗೂ ಸುಸ್ತು. “ಸುಮ್ನೆ ಕೂತವರನ್ನ ಇಟ್ಕೊಳ್ಳೋಕೆ ಆಗಲ್ಲಪ್ಪ. ಮುಂದೆ ಜನ ಕಮ್ಮಿ ಇದ್ದಾರೆ. ಸೋಮವಾರದಿಂದ ಬಂದೂಕು ತಗೋ.”

ಹೂಂ ಅಂದೆ. ಇನ್ನೇನು ಅನ್ನಲಿ? ಹೆದರಿಕೆಯಾಗುತ್ತಿದೆ. ಯಾರೂ ಓದದ ಕಡೆ ಬರೆಯಬಹುದಲ್ಲ — ತುಂಬಾ ಹೆದರಿಕೆ.

ಭಾವನಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ.

ಫೆಬ್ರವರಿ ೧೯

ಎಲ್ಲರೂ ಊಟದ ತಟ್ಟೆ ಹಿಡಿದು ನಿಂತ ಹೊತ್ತು ನೋಡಿಕೊಂಡೇ ಭಾವ ಬಂದರು. ಸಂಜೆ ಅವರ ತುಕಡಿ ಮುಂದೆ ಹೋಗುವ ಸರದಿ. ಅಷ್ಟು ಜನರ ಎದುರಿಗೆ ನನ್ನ ಸ್ಟೂಲಿನ ಮೇಲೆ ಕೂತರು.

“ಬೇಡಿ ಭಾವ” ಅಂದೆ.

“ಯಾಕೋ, ಕತ್ತಿ ಮೊಂಡಾಗಿದೆಯಾ?” ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ಆಮೇಲೆ ಮೆಲ್ಲಗೆ, “ಜನ ನಿನ್ನ ಸ್ಟೂಲಿಗೆ ವಾಪಸ್ ಬಂದ್ರೆ ನೀನು ಇಲ್ಲೇ ಉಳೀತೀಯ. ಖಾಲಿ ಬಸ್ಸಿಗೆ ಯಾರೂ ಹತ್ತಲ್ಲ ಕಣೋ. ಒಬ್ಬ ಹತ್ತಿ ಕೂತ್ರೆ ಹಿಂದೇನೇ ನಾಲ್ಕು ಜನ ಹತ್ತುತಾರೆ.”

“ಅಕ್ಕ ನಿಮ್ಮನ್ನ ನೋಡ್ಕೋ ಅಂದಿದ್ದಾಳೆ.”

“ನನಗೂ ಅದೇ ಹೇಳಿದ್ದಾಳೆ, ನಿನ್ನ ವಿಷಯ. ಈಗ ಸೋಪು ಹಚ್ಚು.”

ಹಚ್ಚಿದೆ. ಕೈಗುಣ ಗೀಗುಣ ನಾನು ನಂಬುವವನಲ್ಲ. ಆದರೂ ಕತ್ತಿ ಇಡುವಾಗ ಕೈ ತಡೆಯಿತು. ಆಗುವುದಿಲ್ಲ ಎಂದು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ… ಸೋಮವಾರ ಕಣ್ಣೆದುರಿಗಿತ್ತು.

ಪೊದೆ ಹೋಗಿ ಮುಖ ಬಂತು. ಗಲ್ಲದಲ್ಲಿ ಗುಳಿ. ನಮ್ಮಕ್ಕ ಮರುಳಾಗಿದ್ದು ಇದಕ್ಕೇ ಎಂದೆ. ಭಾವ ಕೆನ್ನೆ ಸವರಿಕೊಂಡು, ಕನ್ನಡಿ ಕೇಳಿ, ಬೇಕೆಂದೇ ಬಹಳ ಹೊತ್ತು ನೋಡಿಕೊಂಡರು. ಅವರ ತುಕಡಿಯ ಮೂವರು ಮುಖ ಮುಖ ನೋಡಿಕೊಂಡರು. ಮೊದಲು ಅವರಲ್ಲೊಬ್ಬ, ಊರಲ್ಲಿ ಗಾರೆ ಕೆಲಸದವನು, ಬಂದು ಕೂತ, ಆಮೇಲೆ ಉಳಿದಿಬ್ಬರೂ.

ಫೆಬ್ರವರಿ ೨೦

ಬಂದಿಲ್ಲ. ಇಡೀ ದಿನ ಮುಂದಿನ ಕಡೆ ಸದ್ದು.

ಫೆಬ್ರವರಿ ೨೧

ಬಂದಿಲ್ಲ.

ಫೆಬ್ರವರಿ ೨೩, ಬೆಳಿಗ್ಗೆ

ಮೂವರು ಬಂದರು. ಭಾವ ಇಲ್ಲ.

ಗಾರೆ ಕೆಲಸದವನೇ ಹುಡುಕಿಕೊಂಡು ಬಂದು ಹೇಳಿದ. ಕಂದಕ ಕುಸಿಯತೊಡಗಿದಾಗ ಭಾವ ಕೆಳಗೆ ನಿಂತು ಈ ಮೂವರನ್ನೂ ಒಬ್ಬೊಬ್ಬರಾಗಿ ಮೇಲಕ್ಕೆ ತಳ್ಳಿದರಂತೆ. ಬೇಗ ಹತ್ತಿ, ಬೇಗ ಹತ್ತಿ ಅನ್ನುತ್ತಿದ್ದರಂತೆ. ಎಲ್ಲರೂ ಹತ್ತಿದ ಮೇಲೆ ತಾವು ಹತ್ತುವ ಕಂಡಕ್ಟರ್ ಅಭ್ಯಾಸ… ಅಷ್ಟರಲ್ಲಿ ಮಣ್ಣು ಬಿತ್ತು. ಅಗೆಯಲು ಪುರುಸೊತ್ತು ಸಿಗಲಿಲ್ಲ ಎಂದು ಅವನು ಅತ್ತ. ನಾನು ಅವನಿಗೆ ನೀರು ಕೊಟ್ಟೆ.

ಅಕ್ಕನಿಗೆ ಏನು ಹೇಳಲಿ? ನನ್ನನ್ನು ಉಳಿಸಲು ಕೂತರು, ನಾನು ಎಬ್ಬಿಸಲಿಲ್ಲ ಎಂದೇ?

ಫೆಬ್ರವರಿ ೨೪, ಸೋಮವಾರ ಬೆಳಿಗ್ಗೆ

ಸಾಲು. ಗೋಡೆಯುದ್ದಕ್ಕೂ.

ಮಾತು ಹಬ್ಬಿದೆ. ಆ ಕಂದಕದ ಆಚೆ ತುದಿಯಲ್ಲಿ ಭಾವನ ತುಕಡಿಯ ಉಳಿದವರೂ ಬೇರೆ ತುಕಡಿಯವರೂ ಇದ್ದರು, ಅವರಲ್ಲಿ ಒಬ್ಬನೂ ಉಳಿಯಲಿಲ್ಲ. ನಾನು ಬೋಳಿಸಿದ ನಾಲ್ವರಲ್ಲಿ ಮೂವರು ಬಂದರು. ಕೈಗುಣ ತಿರುಗಿ ಬಂದಿದೆಯಂತೆ. ನಾಲ್ಕನೆಯವರು ಯಾರೆಂದು ಗೊತ್ತಿದ್ದವರೂ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಬೈಯಲೂ ಮನಸ್ಸಾಗುವುದಿಲ್ಲ. ಬದುಕಬೇಕು ಅವರಿಗೂ.

ಸಾಹೇಬರು ದೂರದಿಂದ ಸಾಲು ನೋಡಿ ಹತ್ತಿರ ಬಂದರು. “ಬಂದೂಕಿನ ಮಾತು ಬಿಡು. ನೀನು ಇಲ್ಲೇ ಇರಪ್ಪ.” ಭಾವ ಅಂದುಕೊಂಡಂತೆಯೇ ಆಯಿತು.

ಮೊದಲು ಕೂತವನು ಅಡುಗೆಯವನು. ಇವತ್ತು ಮುಂದಕ್ಕೆ ಊಟ ಹೊರುವ ಪಾಳಿ ಅವನದು. ಗಲ್ಲ ಎತ್ತಿದ, ಕಣ್ಣು ಮುಚ್ಚಿದ. “ನೀನಿದ್ದೀಯಲ್ಲಣ್ಣ, ಸಾಕು.”

“ಎದ್ದು ಹೋಗಿ ಎಲ್ಲರೂ” ಅನ್ನಬೇಕೆನಿಸಿತು. ಸೋಪು ಹಚ್ಚಿದೆ. ಕತ್ತಿ ಮಸೆದು ಗಂಟಲಿಗೆ ಇಟ್ಟೆ. ಕೈ ನಡುಗಬೇಕಿತ್ತು. ಒಂದು ಚೂರೂ ನಡುಗಲಿಲ್ಲ. ಅಕ್ಕಾ, ಅದೇ ನನಗೆ ಈಗ ಹೆದರಿಕೆ.