ಸುನಂದಾಳ ನೀಲಿ ಗಸಗಸೆ ಕುಂಡ

ಏ ಸುನಂದಾ, ಕುಂಡಕ್ಕೆ ಹೆಸರಿನ ಪಟ್ಟಿ ಚುಚ್ಚಿ ಕೈ ಕೊಡವಿಕೊಂಡು ಎಲ್ಲಿಗೆ ಹೊರಟೆ? ನಿಲ್ಲು. ಮೊದಲು ಹೆಸರು ಬರೆದು ಆಮೇಲೆ ಬೀಜ ಬಿತ್ತುವ ಚಟ ನಿನಗೆ ಯಾರು ಕಲಿಸಿದರು? ಕೂಸು ಹುಟ್ಟುವ ಮುಂಚೆ ಕುಲಾವಿ!

ಇಂದು ಎರಡನೆಯ ಅಧಿಕಮಾಸದ ಮೂವತ್ತಮೂರನೆಯ ದಿನ. ಇಂಥ ತಾರೀಖು ಎಲ್ಲಿಯದು ಎನ್ನಬೇಡ. ಬೇಸಿಗೆ ಹಿಗ್ಗಿದ ಮೇಲೆ ಪಂಚಾಂಗವೂ ಹಿಗ್ಗಿತು. ನಾನು ನಿಂಬೆವ್ವ, ನಿನ್ನ ಮೊಮ್ಮಗನ ಮೊಮ್ಮಗನ ಹೆಂಡತಿ. ಲೆಕ್ಕಕ್ಕೆ ನೀನು ಹಿರಿಯಳು. ಆದರೆ ನಿನ್ನ ತಲೆಯಲ್ಲಿನ್ನೂ ಒಂದು ಬಿಳಿಗೂದಲಿಲ್ಲ, ನನ್ನ ಬಾಯಲ್ಲಿ ಒಂದು ಹಲ್ಲಿಲ್ಲ. ಆದ್ದರಿಂದ ಏಕವಚನ. ಊರ ಸಾಲೆಯಲ್ಲಿ ಮೂರನೆಯ ಇಯತ್ತೆಗೇ ನಿಂತ ಅಕ್ಷರ ನನ್ನದು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ಗದಗ ಸೀಮೆಯ ಎರೆನೆಲ ಕಾದ ಹಂಚಾದಾಗ ನಮ್ಮವರು, ನೀನು ಶಾಲೆ ಕಲಿಸಲು ಹೋಗಿದ್ದ ಈ ಹಿಮಾಲಯದ ಊರಿಗೇ ಹತ್ತಿಬಂದರು. ಈಗ ಇಲ್ಲಿಯೂ ಹಿಮವಿಲ್ಲ, ಗುಡ್ಡ ಬೋಳು. ನೀನು ಗಿಡ ಬೆಳೆಸುವ ಗಾಜಿನ ಮನೆ ಉಳಿದಿದೆ, ಎರಡು ಎಮ್ಮೆ ಕಟ್ಟುವಷ್ಟು ಜಾಗ. ಗುಡ್ಡದ ಹೂವಿನ ಬೀಜಕ್ಕೆ ಚಳಿ ತಾಗದೆ ಎಚ್ಚರವಾಗುವುದಿಲ್ಲ, ನಿನಗೇ ಗೊತ್ತು. ಅದಕ್ಕೆ ನಾವು ಸುಳ್ಳುಮಾಘ ಮಾಡುತ್ತೇವೆ: ಮರಳು, ಕಲ್ಲುಪುಡಿಯ ಮೇಲೆ ಬೀಜ ಉದುರಿಸಿ, ತೇವ ಮಾಡಿ, ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಚಳಿಗಾಲ ಬಂದುಹೋಯಿತೆಂದು ನಂಬಿಸುವುದು. ಪೆಟ್ಟಿಗೆಗೆ ಬೇಕಾದ ಚಳಿಯನ್ನು ಊರವರು ಮನೆಮನೆಗೆ ಹಂಚುತ್ತಾರೆ, ನಿಮ್ಮ ಕಾಲುವೆ ನೀರಿನ ಪಾಳಿಯ ಹಾಗೆ. ಅದು ಚಳಿಪಾಲು. ಜಗಳವೂ ಅಷ್ಟೇ.

ನಿನ್ನ ಕೈಯಕ್ಷರದಲ್ಲಿ 'ನೀಲಿ ಗಸಗಸೆ' ಎಂದಿರುವ ಆ ಕುಂಡಕ್ಕೆ, ಈ ಮನೆಗೆ ಬಂದ ಪ್ರತಿ ಸೊಸೆಯೂ ಹೊಸ್ತಿಲು ದಾಟಿದ ಕೂಡಲೇ ನೀರು ಹಾಕಬೇಕು. ವರ್ಷದ ಮೊದಲ ಚಳಿಯೂ ಅದಕ್ಕೇ. ಒಂದೆಳೆ ಹಸಿರು ಯಾರೂ ಕಂಡಿಲ್ಲ. ಅತ್ತೆ ಸಾಯುವಾಗ ಬಾಯಿಗೆ ನೀರು ಬಿಡಹೋದರೆ, "ನನಗ್ಯಾಕ? ಆ ಕುಂಡಕ್ಕ ಹಾಕು" ಎಂದಳು. ಬೆಂಕಿ ಸುರಿಯುವ ಮಧ್ಯಾಹ್ನವೂ ಅದರ ಮಣ್ಣು ತಣ್ಣಗೆ. ಎದುರಿನ ಗಾಜಿಗೆ, ಯಾರೋ ಒಳಗಿನಿಂದ ಉಸಿರುಬಿಟ್ಟಂತೆ ಮಂಜು ಕಟ್ಟುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ. ನಾನು ಕುಂಡಕ್ಕೆ ಬೈದರೆ ನನ್ನ ಮೊಮ್ಮಗಳು ಪಾರಿ ತುಟಿಗೆ ಬೆರಳಿಡುತ್ತಾಳೆ: "ಆಯಿ, ಬೈಬ್ಯಾಡ. ಒಳಗ ಯಾರೋ ಮಲಗ್ಯಾರ."

ಈ ವರ್ಷ ನಮಗೆ ಸಿಕ್ಕುವ ಚಳಿ ಒಂದೇ ಕುಂಡಕ್ಕೆ. ಮುಂದಿನ ವರ್ಷ ಅದೂ ಇಲ್ಲವಂತೆ. ಪಾರಿ, ಬಂಡೆಯ ಬಿರುಕಿನಲ್ಲಿ ಉಳಿದಿದ್ದ ಕೊನೆಯ ಹಳದಿ ಹೂಗಿಡದಿಂದ ಬೀಜ ತಂದು ಬೇರೊಂದು ಕುಂಡದಲ್ಲಿ ಬಿತ್ತಿದ್ದಾಳೆ. ತಾಯಿಗಿಡ ಒಣಗಿಹೋಯಿತು. ಚಳಿಯನ್ನು ನಿನ್ನ ಕುಂಡಕ್ಕೆ ಕೊಟ್ಟರೆ ಅವಳ ಹೂವಿನ ಕುಲ ಮುಗಿಯಿತು. ಅವಳದಕ್ಕೆ ಕೊಟ್ಟರೆ, ಇಷ್ಟು ಸೊಸೆಯರು ಕಾದ ಆ ಜೀವವನ್ನು ನಾನೇ ಕೊಂದಂತೆ. ಕೆದಕಿ ನೋಡೋಣವೆಂದರೆ ಗಸಗಸೆ ಬೀಜ ಮರಳಿನ ಕಣದಷ್ಟೇ ಸಣ್ಣದು. ಕೆದಕಿದರೆ ಇದ್ದದ್ದೂ ಹೋಗುತ್ತದೆ.

ನಾಚಿಕೆ ಬಿಟ್ಟು ಹೇಳು. ಪಟ್ಟಿ ಚುಚ್ಚಿದ ಮೇಲೆ ಬೀಜ ಬಿತ್ತಿದೆಯಾ? ಇಲ್ಲ, ಯಾರೋ ಕರೆದರೆಂದು ಎದ್ದುಹೋಗಿ ಮರೆತೆಯಾ? ಬೈಯುವುದಿಲ್ಲ. ಬೈದರೂ ನಿನಗೆ ಕೇಳಿಸುವುದಿಲ್ಲ.

ಈ ಕಾಗದವನ್ನು ಕುಂಡದ ಅಡಿಯಲ್ಲಿ ಇಡುತ್ತೇನೆ. ಆ ತಂಪು ನಿನ್ನ ಕಾಲದಿಂದ ಬರುತ್ತಿದ್ದರೆ, ಬಂದ ದಾರಿಯಲ್ಲೇ ಇದೂ ಹೋಗಲಿ. ಬಿತ್ತಿದ್ದರೆ ಕುಂಡದ ಹೊರಮೈಗೆ ಮೊಳೆಯಿಂದ ಒಂದು ಗೀಟು ಎಳೆ, ಇಲ್ಲದಿದ್ದರೆ ಎರಡು. ದಿನವೂ ಕೈಯಾಡಿಸಿ ನೋಡುತ್ತಿದ್ದೇನೆ, ಇನ್ನೂ ನುಣ್ಣಗಿದೆ. ಬರುವ ತಿಂಗಳು ಹುಟ್ಟಿದ ಕೂಡಲೇ ಚಳಿ ಬಿಡುತ್ತಾರೆ. ಅದಕ್ಕೆ ಮುಂಚೆ ಉತ್ತರ ಕೊಡು. ಏಳು, ಮೊಳೆ ಹುಡುಕು.