ಕೆಂಪು ಕಲ್ಲಿನ ಉಂಗುರ ಒಂದು

ಮಾರ್ಚ್ ೩, ಬೆಳಿಗ್ಗೆ ೮.೧೦

ಆಯಾ ಅಕ್ಕನ ಕೋಟಿನ ಜೇಬಿನಿಂದ ಕರವಸ್ತ್ರದ ಮೂಲೆ ಇಣುಕುತ್ತಿತ್ತು. ಮೂಲೆಯಲ್ಲಿ ಗಂಟು. ಬಟಾಣಿ ಗಾತ್ರದ್ದು. ಮೊನ್ನೆಯವರೆಗೆ ಇರಲಿಲ್ಲ. ನಾನು ನೋಡಿದ್ದನ್ನು ನೋಡಿ ಒಳಕ್ಕೆ ತುರುಕಿಕೊಂಡಳು.

ಏನೂ ಇರಲಾರದು. ಆದರೂ ಇನ್ನೂ ಯಾರೂ ಬಂದಿಲ್ಲ, ಕೂತು ಬರೆಯುತ್ತಿದ್ದೇನೆ.

ಸ್ಕ್ಯಾನಿಂಗ್ ಸೆಂಟರಿಗೆ ಸೇರಿ ಐದು ವಾರ. ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದಕ್ಕೆ ಸಿಕ್ಕಿದ್ದು ಒಡವೆ ಪುಸ್ತಕ. ಸ್ಕ್ಯಾನಿಗೆ ಬಂದವರು ಮೈಮೇಲಿನದೆಲ್ಲ ಬಿಚ್ಚಬೇಕು. ನಾನು ಬರೆದು, ಕವರಿಗೆ ಹಾಕಿಸಿ, ಅಂಟಿಸಿ, ಸಹಿ ತೆಗೆದುಕೊಳ್ಳಬೇಕು. ಆಯಾ ಅಕ್ಕ ಅದನ್ನು ಲಾಕರಿನಲ್ಲಿಟ್ಟು, ಆಮೇಲೆ ತಂದುಕೊಡುತ್ತಾಳೆ. ಚಿನ್ನ ಅನ್ನುವ ಹಾಗಿಲ್ಲ, "ಹಳದಿ ಲೋಹ". ವಜ್ರವಾದರೂ "ಬಿಳಿ ಕಲ್ಲು".

ಟೆಕ್ನಿಷಿಯನ್ ದಿನಾ ರೇಗಿಸುತ್ತಾನೆ: "ಏನ್ ಮೇಡಂ, ಮಹಾಕಾವ್ಯ ಎಲ್ಲೀವರೆಗೂ ಬಂತು? ಬಳೆಗೆ ಬಳೆ ಅಂತ ಬರೀರಿ ಸಾಕು, ವರ್ಣನೆ ಯಾಕೆ?"

ಒಂದು ಕೆಲಸ ಮಾತ್ರ ನನ್ನಿಂದ ಆಗದು. ಬರೆದದ್ದನ್ನು ಒಂದೊಂದಾಗಿ ಜೋರಾಗಿ ಓದಬೇಕು, ಸ್ಕ್ಯಾನಿಗೆ ಬಂದವರು ಒಂದೊಂದಾಗಿ ಕವರಿಗೆ ಹಾಕಬೇಕು. ಎದುರಿಗೆ ಉದ್ದದ ಕ್ಯೂ. ದನಿಯೇ ಏಳುವುದಿಲ್ಲ. ಸೂಪರ್‌ವೈಸರ್ ಇದ್ದಾಗ ಓದುತ್ತೇನೆ. ಇಲ್ಲದಿದ್ದಾಗ... ಇಲ್ಲ.

ಅದೇ ದಿನ, ಸಂಜೆ

ಇವತ್ತು ಬಂದ ಅಜ್ಜಿಯೊಬ್ಬರು ತುಂಬ ಇಷ್ಟವಾದರು. ಒಂಬತ್ತೂ ನಲವತ್ತಕ್ಕೆ ಬಂದು, ನನ್ನ ಮೇಜಿನ ಮೇಲೆ ಸೀದಾ ಕೈ ಚಾಚಿ ಕೂತರು. ಕೆಂಪು ಕಲ್ಲಿನ ಉಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು.

"ಇದನ್ನ ಹಾಕ್ಕೊಂಡಾಗ ಕಡ್ಡಿ ಹಾಗಿದ್ದೆ ಮಗಳೇ. ಈಗ ಬೆರಳೇ ಕತ್ತರಿಸ್ಬೇಕೇನೋ!"

"ಕತ್ತರಿ ಬೇಡ ಅಜ್ಜಿ, ಸೋಪು ಸಾಕು, ಬನ್ನಿ," ಎಂದು ಆಯಾ ಅಕ್ಕ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ಇಬ್ಬರೂ ನಗುತ್ತ ವಾಪಸ್ಸು ಬಂದರು. ಅಷ್ಟರಲ್ಲಿ ಕ್ಯೂ ಬಾಗಿಲು ದಾಟಿತ್ತು.

ಮಾರ್ಚ್ ೪, ಮಧ್ಯಾಹ್ನ

ನಿನ್ನೆಯ ಅಜ್ಜಿಯ ಮಗ ಬಂದಿದ್ದ. ಹರಿದ ಕವರನ್ನು ಮೇಜಿನ ಮೇಲೆ ಎಸೆದ. ಬಳೆ ಇದೆ, ಓಲೆ ಇದೆ, ಉಂಗುರ ಇಲ್ಲ.

ಸೂಪರ್‌ವೈಸರ್ ಪುಸ್ತಕ ತಿರುವಿದರು. ನನ್ನ ಅಕ್ಷರ. ಹಳದಿ ಲೋಹದ ಉಂಗುರ ಒಂದು, ಕೆಂಪು ಕಲ್ಲು. ಕೆಳಗೆ ಅಜ್ಜಿಯ ಸಹಿ.

"ಇಲ್ಲ ಸಾರ್," ಆಯಾ ಅಕ್ಕ ಮುಂದೆ ಬಂದಳು. "ಸೋಪು ಹಚ್ಚಿ ತೆಗೆದ್ಮೇಲೆ ಅಜ್ಜಿ ಅದನ್ನ ಒರೆಸಿ ಕನ್ನಡಕದ ಪೆಟ್ಟಿಗೇಲಿ ಇಟ್ಕೊಂಡ್ರು. ನಾನೇ ಕಣ್ಣಾರೆ ನೋಡ್ದೆ."

"ಪೆಟ್ಟಿಗೆ ತಡಕಾಡಿ ಆಯ್ತು," ಎಂದ ಮಗ. "ಅದ್ರಲ್ಲಿ ಕನ್ನಡಕ ಬಿಟ್ರೆ ಏನೂ ಇಲ್ಲ. ಅಮ್ಮನಿಗೆ ಎಲ್ಲಿಟ್ಟೆ ಅಂತ್ಲೇ ನೆನಪಿಲ್ಲ."

"ಪುಸ್ತಕ ಸುಳ್ಳು ಹೇಳುತ್ತೇನಮ್ಮಾ?" ಸೂಪರ್‌ವೈಸರ್ ಆಯಾ ಅಕ್ಕನನ್ನು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವೇನಾದ್ರೂ ನೋಡಿದ್ರಾ?"

ಐದು ವಾರದಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಹೇಳಿಬಿಟ್ಟೆ. "ಕರವಸ್ತ್ರದಲ್ಲಿ... ಒಂದು ಗಂಟು."

ಎಲ್ಲರ ಎದುರಿಗೆ ಬಿಚ್ಚಿಸಿದರು. ಒಳಗೆ ಒಂದು ಜೊತೆ ಪುಟ್ಟ ಓಲೆ. ಹೊಚ್ಚ ಹೊಸದು.

"ಮಗಳು ಕೊಡಿಸಿದ್ಲು ಸಾರ್. ಕೆಲಸಕ್ಕೆ ಸೇರಿದ್ಲಲ್ಲ... ಸ್ಕ್ಯಾನ್ ರೂಮೊಳಗೆ ಹಾಕ್ಕೊಂಡು ಬರಂಗಿಲ್ವಲ್ಲ, ಅದಕ್ಕೇ ಕಟ್ಟಿಟ್ಕೊಂಡೆ."

"ಬಿಲ್ ಇದೆಯಾ?" ಸೂಪರ್‌ವೈಸರ್ ಕೇಳಿದರು.

ಆಯಾ ಅಕ್ಕ ನನ್ನನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು.

ತೀರ್ಮಾನವಾಗುವವರೆಗೆ ಕೆಲಸಕ್ಕೆ ಬರಬೇಡ ಅಂದರು.

ಮಾರ್ಚ್ ೭

ಎರಡು ದಿನ ಬರೆಯಲಿಲ್ಲ. ಕಿವಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಓಲೆಯ ತಿರುಪು ಇದೆಯೇ? ಇದೆ. ಅಮ್ಮ ಕೇಳಿದಳು, "ಏನೇ ಅದು, ಸೊಳ್ಳೆ ಕಚ್ತಾ?"

ಈಗ ಎಲ್ಲರ ಮೇಲೂ ಕಣ್ಣು. ಉಂಗುರದ ವಿಷಯ ಬಂದರೆ ಟೆಕ್ನಿಷಿಯನ್ ತಮಾಷೆ ನಿಲ್ಲಿಸುತ್ತಾನೆ. ಯಾಕೆ? ಲಾಕರಿನ ಇನ್ನೊಂದು ಕೀಲಿ ಸೂಪರ್‌ವೈಸರ್ ಹತ್ತಿರ ಇದೆ. ಅದನ್ನು ಯಾರೂ ಕೇಳಲಿಲ್ಲ. ಕವರನ್ನು ಮನೆಗೆ ಒಯ್ದು ಹರಿದವನು ಮಗ. ಅವನೇ ಯಾಕಾಗಿರಬಾರದು?

ಆಯಾ ಅಕ್ಕನ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ಅವಳ ಜೇಬನ್ನೂ ನೋಡಿದೆ. ಛೆ.

ಮಾರ್ಚ್ ೯, ಸಂಜೆ

ಸೂಪರ್‌ವೈಸರ್ ಹೇಳಿದರು: ನಾಳೆ ಹತ್ತಕ್ಕೆ ಮಗ ಬರುತ್ತಾನೆ. ಆಯಾ ಅಕ್ಕನನ್ನೂ ಕರೆಸಿದ್ದಾರೆ. ಅವಳು ಒಪ್ಪದಿದ್ದರೆ ನೇರ ಪೊಲೀಸ್ ದೂರು. ಪುಸ್ತಕವೇ ಸಾಕ್ಷಿ.

ಮನೆಗೆ ಬಂದು ಈ ಡೈರಿಯನ್ನು ಹಿಂದಕ್ಕೆ ತಿರುವಿದೆ. ಮೂರನೇ ತಾರೀಕು, ೮.೧೦. ಗಂಟು ಆಗಲೇ ಇತ್ತು. ಅಜ್ಜಿ ಬಂದದ್ದು ಒಂಬತ್ತೂ ನಲವತ್ತಕ್ಕೆ. ನಾನೇ ಬರೆದಿದ್ದೇನೆ, ನಾನೇ ಮರೆತಿದ್ದೇನೆ.

ಇನ್ನೊಂದಿದೆ. ಅದನ್ನು ಬರೆಯಲು ಹೆದರಿಕೆ.

ಒಡವೆ ಪುಸ್ತಕದಲ್ಲಿ, ಅಜ್ಜಿಯ ಪಟ್ಟಿಯಲ್ಲಿ ಉಂಗುರ ಮೊದಲಿದೆ. ನನ್ನ ಬೇರೆಲ್ಲ ಪಟ್ಟಿಗಳಲ್ಲಿ ಉಂಗುರ ಯಾವಾಗಲೂ ಕೊನೆ. ಜನ ಬಿಚ್ಚುವುದೇ ಕೊನೆಗೆ. ಇದು ಮಾತ್ರ ಮೊದಲು ಹೇಗೆ ಬಂತು? ಅಜ್ಜಿ ಕೈ ಚಾಚಿ ಕೂತಾಗ, ಉಂಗುರ ಇನ್ನೂ ಬೆರಳಲ್ಲಿದ್ದಾಗಲೇ ಬರೆದುಬಿಟ್ಟಿದ್ದೆ. ಚೆಂದವಿತ್ತು, ಬರೆದೆ. ಅವರು ನಲ್ಲಿಯಿಂದ ಬಂದ ಮೇಲೆ ಬಳೆ, ಓಲೆ ಸೇರಿಸಿದೆ. ಒಡವೆ ಬಿಚ್ಚಿಡುವ ತಟ್ಟೆಯಲ್ಲಿದ್ದದ್ದನ್ನು ನಾನೇ ಕವರಿಗೆ ಸುರಿದೆ. ಕ್ಯೂ ಇತ್ತು. ಓದಲಿಲ್ಲ. ಅಜ್ಜಿಯೂ ಓದದೆ ಸಹಿ ಹಾಕಿದರು.

ಕವರಿಗೆ ಬಿದ್ದ ಸದ್ದು ನೆನಪು ಮಾಡಿಕೊಳ್ಳುತ್ತಿದ್ದೇನೆ. ಬಳೆಗಳದ್ದು. ಓಲೆಗಳದ್ದು. ಅಷ್ಟೇ.

ಉಂಗುರ ನನ್ನ ಕೈಗೆ ಬರಲೇ ಇಲ್ಲ. ಆಯಾ ಅಕ್ಕ ಮೊದಲಿನಿಂದ ಹೇಳುತ್ತಿದ್ದುದೂ ಅದನ್ನೇ. ಅದು ಕನ್ನಡಕದ ಪೆಟ್ಟಿಗೆಯಿಂದ ಎಲ್ಲಿ ಜಾರಿತೋ, ಅದನ್ನು ಅವರ ಮನೆಯಲ್ಲೇ ಹುಡುಕಬೇಕು.

ಪುಸ್ತಕ ಸುಳ್ಳು ಹೇಳುತ್ತೇನಮ್ಮಾ? ಹೇಳುತ್ತದೆ ಸಾರ್. ನನ್ನ ಅಕ್ಷರ ದುಂಡಗಿರುವುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಕೆಲಸ ಹೋಗುತ್ತದೆ. ಖಾಯಂ ಆಗಲು ಇನ್ನೂ ಏಳು ವಾರ ಇತ್ತು. ಅಮ್ಮನಿಗೆ ಏನು ಹೇಳುವುದು, ಆಮೇಲೆ ನೋಡೋಣ.

ಚೀಟಿ ಬರೆದು ಸೂಪರ್‌ವೈಸರ್ ಮೇಜಿನ ಮೇಲಿಟ್ಟು ಬರಬಹುದು. ನನಗೆ ಅದೇ ಸುಲಭ. ಆದರೆ ಗಂಟು ಎಂದು ಬಾಯಿಬಿಟ್ಟೇ ಹೇಳಿದ್ದೆನಲ್ಲ, ಎಲ್ಲರ ಎದುರಿಗೆ.

ನಾಳೆ ಹತ್ತಕ್ಕೆ ಪುಸ್ತಕ ತೆಗೆದು, ನಿಂತುಕೊಂಡು, ಕ್ಯೂನಲ್ಲಿರುವ ಕೊನೆಯವರಿಗೂ ಕೇಳುವ ಹಾಗೆ ಆ ಸಾಲನ್ನು ಓದುತ್ತೇನೆ. ಈಗ ಕನ್ನಡಿ ಮುಂದೆ ಒಮ್ಮೆ ಹೇಳಿ ನೋಡಿದೆ, ದನಿ ಬರುತ್ತದೆ. ಹಳದಿ ಲೋಹದ ಉಂಗುರ ಒಂದು, ಕೆಂಪು ಕಲ್ಲು, ನನ್ನ ಕೈಗೆ ಬರಲೇ ಇಲ್ಲ.